ಸಾಲ ತಂದು ಹಾಡಿದವರು

1976ರ ಡಿಸೆಂಬರ್ 28. ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಇನ್ನೂ ಬಾರದ ಮಂಕು ದಿನಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಇಂಡಿಗೋ ಎಂಬ ಸ್ಟುಡಿಯೋಗೆ ನಾಲ್ವರು ಹುಡುಗರು ಗಿಟಾರು, ಡ್ರಮ್ಮು ಹೊತ್ತು ಹೋದರು. ನಾಲ್ಕು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿಕೊಂಡು ಹೊರಬಂದರು. ಸ್ಟುಡಿಯೋ ಬಾಡಿಗೆ, ತಟ್ಟೆ ಒತ್ತಿಸಿದ ಕೂಲಿ, ಹೊದಿಕೆಯ ಮುದ್ರಣ ಎಲ್ಲ ಸೇರಿ ತಗುಲಿದ ಖರ್ಚು ಸುಮಾರು 500 ಪೌಂಡು. ಆ ಹಣವೂ ಅವರದಲ್ಲ. ಸ್ನೇಹಿತರಿಂದ, ಗಿಟಾರ್ ನುಡಿಸುತ್ತಿದ್ದ ಪೀಟ್ ಶೆಲ್ಲಿಯ ತಂದೆಯಿಂದ ಸಾಲವಾಗಿ ತಂದದ್ದು. ತಂಡದ ಹೆಸರು 'ಬಜ್‌ಕಾಕ್ಸ್'. ಮರುವರ್ಷ ಜನವರಿ 29ರಂದು 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಹೆಸರಿನಲ್ಲಿ ರೆಕಾರ್ಡು ಹೊರಬಂತು. ಹೊರತಂದ ಕಂಪನಿ 'ನ್ಯೂ ಹಾರ್ಮೋನ್ಸ್'. ಕಂಪನಿ ಎಂದರೆ ಬೇರಾರೂ ಅಲ್ಲ, ಅದೇ ಹುಡುಗರು ಮತ್ತು ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಗೆಳೆಯ ರಿಚರ್ಡ್ ಬೂನ್.

ಈಗ 'ಇಂಡೀ ಸಂಗೀತ' ಎಂದು ಕರೆಯಲಾಗುವ ಬೆಳೆಗೆ ಈ ಪುಟ್ಟ ತಟ್ಟೆಯೂ ಒಂದು ಬಿತ್ತನೆ ಬೀಜ. ಇಂಡೀ ಎಂಬುದು 'ಇಂಡಿಪೆಂಡೆಂಟ್' ಪದದ ಮುದ್ದಿನ ರೂಪ. ಮೊದಲಿಗೆ ಅದು ಒಂದು ರಾಗದ ಹೆಸರೂ ಅಲ್ಲ, ಶೈಲಿಯ ಹೆಸರೂ ಅಲ್ಲ. ಹಾಡನ್ನು ಯಾರು ಮುದ್ರಿಸಿದರು, ಯಾರು ಅಂಗಡಿಗೆ ಮುಟ್ಟಿಸಿದರು ಎಂಬ ವ್ಯವಹಾರದ ಮಾತು. ಸಂಗೀತದ ಹೆಸರಾಗಿ ಅದು ಮಾರ್ಪಟ್ಟದ್ದು ಆಮೇಲೆ. ಆ ಮಾರ್ಪಾಡಿನಲ್ಲಿ ಒಂದಿಷ್ಟು ಲಾಭವಾಯಿತು, ಬಹಳಷ್ಟು ಗೊಂದಲವೂ ಆಯಿತು.

ಅಂದಿನ ಪರಿಸ್ಥಿತಿ ತಿಳಿಯದೆ ಆ 500 ಪೌಂಡಿನ ಬೆಲೆ ತಿಳಿಯುವುದಿಲ್ಲ. ಬ್ರಿಟನ್ನಿನ ರೆಕಾರ್ಡು ವ್ಯಾಪಾರವೆಲ್ಲ ಬಹುಮಟ್ಟಿಗೆ ಕೆಲವೇ ದೊಡ್ಡ ಕಂಪನಿಗಳ ಮುಷ್ಟಿಯಲ್ಲಿತ್ತು. ಗ್ರಾಮಫೋನಿನ ಮುಂದೆ ಕುಳಿತು ಕಿವಿ ನಿಮಿರಿಸಿದ ನಾಯಿಯ ಚಿತ್ರ ನಮ್ಮ ಹಿರಿಯರಿಗೆಲ್ಲ ಗೊತ್ತು. ಆ ಎಚ್‌ಎಂವಿ ಮುದ್ರೆಯ ಒಡೆತನವಿದ್ದ ಇಎಂಐ ಅಂಥ ಕಂಪನಿಗಳಲ್ಲಿ ಒಂದು. ಸ್ಟುಡಿಯೋ ಅವರದು, ತಟ್ಟೆ ಒತ್ತುವ ಕಾರ್ಖಾನೆ ಅವರದು, ಅಂಗಡಿಗಳಿಗೆ ಸರಕು ಸಾಗಿಸುವ ವ್ಯಾನೂ ಅವರದು. ಹಾಡುವ ಹುಡುಗ ಲಂಡನ್ನಿಗೆ ಹೋಗಿ ಅವರ ಕಚೇರಿಯ ಮೆಟ್ಟಿಲು ಹತ್ತಬೇಕು. ಅವರು ಒಪ್ಪಿದರೆ ಹಾಡು, ಇಲ್ಲವಾದರೆ ಊರ ದಾರಿ. ಒಪ್ಪಿದರೂ ಮುದ್ರಿಕೆಯ ಒಡೆತನ ಸಾಮಾನ್ಯವಾಗಿ ಕಂಪನಿಗೆ ಸೇರಿದ್ದು.

ವಾಸ್ತವವಾಗಿ ತಟ್ಟೆ ಒತ್ತುವ ಕಾರ್ಖಾನೆಗಳು ಹಣ ಕೊಟ್ಟವರಿಗೆಲ್ಲ ಒತ್ತಿಕೊಡುತ್ತಿದ್ದವು. ಮದುವೆಯ ಕರೆಯೋಲೆಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಲ್ಲ, ಹಾಗೆ. ಆದರೆ ಈ ಸರಳ ಸಂಗತಿ ಹೊರಗಿನವರಿಗೆ ತಿಳಿದಿರಲಿಲ್ಲ. 'ಸ್ಪೈರಲ್ ಸ್ಕ್ರ್ಯಾಚ್' ಮಾಡಿದ ದೊಡ್ಡ ಉಪಕಾರವೆಂದರೆ ಈ ಗುಟ್ಟನ್ನು ಬಯಲು ಮಾಡಿದ್ದು. ಅದರ ಹೊದಿಕೆಯ ಮೇಲೆ ಪ್ರತಿ ಹಾಡೂ ಎಷ್ಟನೆಯ ಪ್ರಯತ್ನದಲ್ಲಿ ಮುದ್ರಣವಾಯಿತು, ಆಮೇಲೆ ಎಷ್ಟು ತೇಪೆ ಹಾಕಲಾಯಿತು ಎಂಬ ವಿವರವನ್ನೂ ಅಚ್ಚು ಹಾಕಿದ್ದರು. ಅಡುಗೆ ಬಡಿಸಿ, ಜೊತೆಗೆ ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟಂತೆ. ಮೊದಲು ಒತ್ತಿಸಿದ್ದು 1,000 ಪ್ರತಿ. ಅವು ಬೇಗನೆ ಖರ್ಚಾಗಿ, ಮತ್ತೆ ಮತ್ತೆ ಒತ್ತಿಸಿ, ಒಟ್ಟು ಮಾರಾಟ 16,000ಕ್ಕೆ ಮುಟ್ಟಿತು.

ಅದೇ 1977ರಲ್ಲಿ ಲಂಡನ್ನಿನ 'ಡೆಸ್ಪರೇಟ್ ಬೈಸಿಕಲ್ಸ್' ಎಂಬ ತಂಡ ತನ್ನ ಮೊದಲ ತಟ್ಟೆಯನ್ನು 153 ಪೌಂಡಿನಲ್ಲೇ ಮಾಡಿ ಮುಗಿಸಿತು. ಇದು ಸುಲಭ, ಇದು ಅಗ್ಗ, ನೀವೂ ಮಾಡಿ ಎಂದು ಕೇಳುಗರಿಗೆ ಬಹಿರಂಗವಾಗಿ ಕರೆ ಕೊಟ್ಟಿತು. ಮರುವರ್ಷ 'ಸ್ಕ್ರಿಟ್ಟಿ ಪೊಲಿಟ್ಟಿ' ತಂಡದವರು ಸ್ಟುಡಿಯೋಗೆ ಎಷ್ಟು, ಒತ್ತಿಸಲು ಎಷ್ಟು, ಚೀಟಿ ಅಂಟಿಸಲು ಎಷ್ಟು ಎಂದು ಜಮಾಖರ್ಚಿನ ಪಟ್ಟಿಯನ್ನೇ ಹೊದಿಕೆಯ ಮೇಲೆ ಮುದ್ರಿಸಿದರು. ಹಾಡಿನ ತಟ್ಟೆಯೊಂದು ಹಾಡಿನ ತಟ್ಟೆ ಮಾಡುವುದು ಹೇಗೆಂಬ ಕೈಪಿಡಿಯೂ ಆದದ್ದು ಹೀಗೆ.

ಈ ಎಲ್ಲಕ್ಕೂ ಕಿಡಿ ಹೊತ್ತಿಸಿದ ಸಂಜೆಯೊಂದಿದೆ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಸಭಾಂಗಣದಲ್ಲಿ ಲಂಡನ್ನಿನ 'ಸೆಕ್ಸ್ ಪಿಸ್ಟಲ್ಸ್' ತಂಡದ ಕಛೇರಿ ನಡೆಯಿತು. ಏರ್ಪಾಡು ಮಾಡಿದವರು ಇದೇ ಪೀಟ್ ಶೆಲ್ಲಿ ಮತ್ತು ಹೊವಾರ್ಡ್ ಡೆವೋಟೋ. ಬಂದಿದ್ದವರು ಸುಮಾರು ನಲವತ್ತು ಮಂದಿ. ವೇದಿಕೆಯ ಮೇಲಿನವರಿಗೆ ನೆಟ್ಟಗೆ ನುಡಿಸಲು ಬರುತ್ತಿರಲಿಲ್ಲ ಎಂಬುದೇ ಆ ನಲವತ್ತು ಮಂದಿಗೆ ಸಿಕ್ಕ ದೊಡ್ಡ ಧೈರ್ಯ. ಪೀಟರ್ ಹುಕ್ ಎಂಬ ತರುಣ ಮರುದಿನವೇ ತಾಯಿಯಿಂದ 35 ಪೌಂಡು ಸಾಲ ಪಡೆದು ಬೇಸ್ ಗಿಟಾರ್ ಕೊಂಡ. ಅವನೂ ಅವನ ಗೆಳೆಯ ಬರ್ನಾರ್ಡ್ ಸಮ್ನರನೂ ಕಟ್ಟಿದ ತಂಡವೇ ಮುಂದೆ 'ಜಾಯ್ ಡಿವಿಜನ್' ಎಂದು ಹೆಸರಾದದ್ದು. ನಂತರದ ವರ್ಷಗಳಲ್ಲಿ ತಾನೂ ಅಂದು ಅಲ್ಲಿದ್ದೆ ಎಂದು ಹೇಳಿಕೊಂಡವರನ್ನೆಲ್ಲ ಕೂಡಿಸಿದರೆ ಆ ಸಭಾಂಗಣವನ್ನು ಹತ್ತಾರು ಬಾರಿ ತುಂಬಿಸಬಹುದು. ಚರಿತ್ರೆ ಎಲ್ಲೆಡೆಯೂ ಹೀಗೆಯೇ ತಡವಾಗಿ ಸಾಕ್ಷಿಗಳನ್ನು ಸಂಪಾದಿಸಿಕೊಳ್ಳುತ್ತದೆ.

ರೆಕಾರ್ಡು ಮಾಡಿದರಾಯಿತೆ? ಅದು ಅಂಗಡಿಗೆ ಮುಟ್ಟಬೇಡವೆ? ನಿಜವಾದ ತೊಡಕು ಇದ್ದದ್ದು ಇಲ್ಲಿ. ಜೆಫ್ ಟ್ರಾವಿಸ್ ಎಂಬಾತ 1976ರಲ್ಲಿ ಪಶ್ಚಿಮ ಲಂಡನ್ನಿನ ಕೆನ್ಸಿಂಗ್ಟನ್ ಪಾರ್ಕ್ ರಸ್ತೆಯಲ್ಲಿ 'ರಫ್ ಟ್ರೇಡ್' ಎಂಬ ಅಂಗಡಿ ತೆರೆದಿದ್ದ. ಹುಡುಗರು ತಾವು ಒತ್ತಿಸಿದ ತಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ನೇರವಾಗಿ ಅಲ್ಲಿಗೆ ಬರತೊಡಗಿದರು. 1978ರಲ್ಲಿ ಅಂಗಡಿಯೇ ರೆಕಾರ್ಡು ಕಂಪನಿಯೂ ಆಯಿತು. ಖರ್ಚು ಕಳೆದು ಉಳಿದ ಲಾಭದಲ್ಲಿ ಹಾಡಿದವರಿಗೆ ಅರ್ಧ, ಕಂಪನಿಗೆ ಅರ್ಧ ಎಂಬುದು ಅದರ ಪದ್ಧತಿ. ನೂರಕ್ಕೆ ಇಷ್ಟು ಎಂದು ಚಿಲ್ಲರೆ ಗೌರವಧನ ಎಣಿಸುತ್ತಿದ್ದ ದೊಡ್ಡ ಕಂಪನಿಗಳ ಲೆಕ್ಕದ ಮುಂದೆ ಇದು ಊಹಿಸಲಾಗದ ಉದಾರತೆ. ಬೆಲ್‌ಫಾಸ್ಟಿನ 'ಸ್ಟಿಫ್ ಲಿಟ್ಲ್ ಫಿಂಗರ್ಸ್' ತಂಡದ ಮೊದಲ ಆಲ್ಬಮ್ 1979ರಲ್ಲಿ ಈ ಕಂಪನಿಯಿಂದ ಹೊರಬಂದು, ರಾಷ್ಟ್ರೀಯ ಮಾರಾಟ ಪಟ್ಟಿಯ 14ನೆಯ ಸ್ಥಾನಕ್ಕೆ ಏರಿದಾಗ ದೊಡ್ಡವರು ಮೊದಲ ಬಾರಿಗೆ ಕತ್ತು ಹೊರಳಿಸಿ ನೋಡಿದರು.

ಲಿವರ್‌ಪೂಲ್, ಯಾರ್ಕ್, ಬ್ರಿಸ್ಟಲ್, ನಾರ್ವಿಚ್, ಎಡಿನ್‌ಬರೋಗಳಲ್ಲಿ ಇಂಥವೇ ಅಂಗಡಿಗಳಿದ್ದವು. ಅವೆಲ್ಲ ಸೇರಿ ಎಂಬತ್ತರ ದಶಕದ ಆರಂಭದಲ್ಲಿ 'ಕಾರ್ಟೆಲ್' ಎಂಬ ಸರಬರಾಜು ಜಾಲವನ್ನು ಕಟ್ಟಿಕೊಂಡವು. ಯಾವ ಊರಿನ ಹುಡುಗ ಮಾಡಿದ ತಟ್ಟೆಯೂ ದೊಡ್ಡ ಕಂಪನಿಯ ವ್ಯಾನು ಹತ್ತದೆಯೇ ದೇಶದ ತುಂಬ ಸಂಚರಿಸುವುದು ಸಾಧ್ಯವಾಯಿತು. ಈ ಅಧ್ಯಾಯದ ನಿಜವಾದ ನಾಯಕರು ಗಿಟಾರ್ ಹಿಡಿದವರಲ್ಲ. ಸುತಲಿ ಹಗ್ಗದಿಂದ ರಟ್ಟಿನ ಪೆಟ್ಟಿಗೆ ಬಿಗಿದು ವಿಳಾಸ ಬರೆದವರು ಎಂದರೆ ಅತಿಶಯೋಕ್ತಿಯೇನಲ್ಲ.

1980ರ ಜನವರಿಯಲ್ಲಿ 'ರೆಕಾರ್ಡ್ ಬಿಸಿನೆಸ್' ಎಂಬ ವ್ಯಾಪಾರಿ ಪತ್ರಿಕೆ ಇಂಥ ರೆಕಾರ್ಡುಗಳಿಗೆಂದೇ ಪ್ರತ್ಯೇಕ ಜನಪ್ರಿಯತೆಯ ಪಟ್ಟಿ ಪ್ರಕಟಿಸಲಾರಂಭಿಸಿತು. ಪಟ್ಟಿಗೆ ಸೇರಲು ಇದ್ದದ್ದು ಒಂದೇ ಅರ್ಹತೆ: ತಟ್ಟೆಯ ಸರಬರಾಜು ದೊಡ್ಡ ಕಂಪನಿಗಳ ಮೂಲಕ ಆಗಿರಬಾರದು. ಸಂಗೀತ ಯಾವುದಾದರೂ ಸರಿ. ಈ ನಿಯಮದ ತಮಾಷೆ ಎಂಟು ವರ್ಷಗಳ ನಂತರ ಕಾಣಿಸಿತು. ದೂರದರ್ಶನ ಧಾರಾವಾಹಿಯಿಂದ ಹೆಸರಾಗಿದ್ದ ಆಸ್ಟ್ರೇಲಿಯದ ಚೆಲುವೆ ಕೈಲಿ ಮಿನೋಗ್ ಹಾಡಿದ ಅಪ್ಪಟ ಜನಪ್ರಿಯ ಹಾಡುಗಳು 1988ರಲ್ಲಿ ಇಂಡೀ ಪಟ್ಟಿಯ ತುದಿಯಲ್ಲಿ ಕುಳಿತವು. ಆಕೆಯ ಕಂಪನಿ ಪಿಡಬ್ಲ್ಯುಎಲ್ ಸ್ವತಂತ್ರ ಸರಬರಾಜುದಾರರನ್ನು ಬಳಸುತ್ತಿತ್ತು, ಅಷ್ಟೆ. ಹರಕು ಸ್ವೆಟರ್ ತೊಟ್ಟು ವಿಷಾದದ ಹಾಡು ಕೇಳುತ್ತಿದ್ದ ಹುಡುಗರಿಗೆ ಇದರಿಂದ ಆದ ಸಂಕಟ ಅಷ್ಟಿಷ್ಟಲ್ಲ. ಆದರೆ ನಿಯಮದ ಪ್ರಕಾರ ಕೈಲಿಯೇ ಸರಿ.

ಈ ವೇಳೆಗಾಗಲೇ 'ಇಂಡೀ' ಎಂದರೆ ಒಂದು ಬಗೆಯ ನಾದ ಎಂಬ ಭಾವನೆ ಬೇರೂರಿತ್ತು. ಅದಕ್ಕೆ ಕಾರಣ ಸಂಗೀತ ವಾರಪತ್ರಿಕೆಗಳು. 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್', 'ಮೆಲಡಿ ಮೇಕರ್', 'ಸೌಂಡ್ಸ್' ಈ ಮೂರೂ ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಓದಿ ಮುಗಿಸುವಷ್ಟರಲ್ಲಿ ಬೆರಳಿಗೆ ಮಸಿ ಅಂಟಿರುತ್ತಿತ್ತು. ಯಾವ ಊರಿನಲ್ಲಿ ಯಾರು ಹೊಸಬರು, ಯಾರ ತಟ್ಟೆ ಹೇಗಿದೆ, ಯಾರು ಯಾರನ್ನು ಬಿಟ್ಟು ಹೋದರು ಎಂಬ ಸುದ್ದಿಯೆಲ್ಲ ಅಲ್ಲಿ. ಸಣ್ಣ ಪಟ್ಟಣದ ಓದುಗನಿಗೆ ಹಾಡು ಕಿವಿಗೆ ಬೀಳುವ ಎಷ್ಟೋ ಮೊದಲೇ ಅದರ ವಿಮರ್ಶೆ ಕಣ್ಣಿಗೆ ಬೀಳುತ್ತಿತ್ತು. ಕೇಳದ ಹಾಡನ್ನು ಓದಿಯೇ ಪ್ರೀತಿಸುವ ಒಂದು ವಿಚಿತ್ರ ರಸಿಕತೆ ಆ ಪೀಳಿಗೆಯದು. 1986ರಲ್ಲಿ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆ 22 ತಂಡಗಳ ಒಂದೊಂದು ಹಾಡನ್ನು ಆಯ್ದು 'ಸಿ86' ಎಂಬ ಕ್ಯಾಸೆಟ್ ಹೊರತಂದಿತು. ಅದರಲ್ಲಿದ್ದ ತಂಡಗಳು ಒಂದೇ ಬಗೆಯವೇನಲ್ಲ. ಆದರೂ ಗಣಗಣ ಎನ್ನುವ ಗಿಟಾರು, ನಾಚಿದ ದನಿ, ಅರೆಬೆಂದ ಮುದ್ರಣ ಇವೇ ಇಂಡೀ ಲಕ್ಷಣ ಎಂಬ ಹಣೆಪಟ್ಟಿ ಅಂದಿನಿಂದ ಅಂಟಿಕೊಂಡಿತು.

ಪತ್ರಿಕೆಗಳಿಗಿಂತ ಹೆಚ್ಚಿನ ಉಪಕಾರ ಮಾಡಿದವನು ಒಬ್ಬ ಬಾನುಲಿ ನಿರೂಪಕ. ಬಿಬಿಸಿಯ ರೇಡಿಯೋ 1ರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಕಾರ್ಯಕ್ರಮ ನಡೆಸಿದ ಜಾನ್ ಪೀಲ್. ನಮ್ಮ ಬಿನಾಕಾ ಗೀತಮಾಲಾ ಯಾವ ಹಾಡು ಎಷ್ಟು ಜನಕ್ಕೆ ಮೆಚ್ಚುಗೆ ಎಂದು ಎಣಿಸುತ್ತಿತ್ತು. ಪೀಲ್ ಮಾಡಿದ್ದು ಅದಕ್ಕೆ ತಿರುವುಮುರುವು. ಇನ್ನೂ ಯಾರೂ ಕೇಳದ್ದನ್ನು ಹುಡುಕಿ ಹಾಕುವುದು ಅವನ ಚಾಳಿ. 1978ರಲ್ಲಿ ಉತ್ತರ ಐರ್ಲೆಂಡಿನ 'ಅಂಡರ್‌ಟೋನ್ಸ್' ಎಂಬ ಹುಡುಗರ ತಟ್ಟೆಯೊಂದು ಬಂತು. ಬೆಲ್‌ಫಾಸ್ಟಿನ 'ಗುಡ್ ವೈಬ್ರೇಷನ್ಸ್' ಎಂಬ ಅಂಗಡಿಯವರು ಹೊರತಂದದ್ದು. ಪೀಲ್ ಅದರ 'ಟೀನೇಜ್ ಕಿಕ್ಸ್' ಹಾಡನ್ನು ಬೆನ್ನು ಬೆನ್ನಿಗೆ ಎರಡು ಬಾರಿ ಪ್ರಸಾರ ಮಾಡಿದ. ಬಾಂಬು ಸಿಡಿಯುತ್ತಿದ್ದ ಊರಿನಿಂದ ಬಂದ ಹುಡುಗರು ಪ್ರೇಮದ ಹಾಡು ಹಾಡಿದ್ದರು. ಯಾವ ಕಂಪನಿಯ ಪ್ರಚಾರ ವಿಭಾಗವೂ ಕೊಡಿಸಲಾರದ ಅವಕಾಶ ಅದು.

ಇನ್ನು ಮ್ಯಾಂಚೆಸ್ಟರಿಗೆ ಮರಳೋಣ. ಈ ಇಡೀ ಪ್ರಯೋಗದ ವೈಭವವೂ ಹುಚ್ಚಾಟವೂ ಒಂದೇ ಕಡೆ ನೋಡಸಿಗುವುದು ಅಲ್ಲಿನ 'ಫ್ಯಾಕ್ಟರಿ' ಎಂಬ ಕಂಪನಿಯ ಕಥೆಯಲ್ಲಿ. ಅದನ್ನು ಹುಟ್ಟುಹಾಕಿದ ಟೋನಿ ವಿಲ್ಸನ್ ಗ್ರನಾಡಾ ಟೆಲಿವಿಷನ್ನಿನ ವಾರ್ತಾ ನಿರೂಪಕ. ಜೊತೆಗೆ ನಟ ಅಲನ್ ಇರಾಸ್ಮಸ್, ವಿನ್ಯಾಸಕಾರ ಪೀಟರ್ ಸ್ಯಾವಿಲ್, 'ಸ್ಪೈರಲ್ ಸ್ಕ್ರ್ಯಾಚ್' ಮುದ್ರಣ ನಡೆಸಿದ್ದ ಮಾರ್ಟಿನ್ ಹ್ಯಾನೆಟ್. 1978ರಲ್ಲಿ ಕಛೇರಿಗಳನ್ನು ಏರ್ಪಡಿಸುವುದರೊಂದಿಗೆ ಶುರುವಾಯಿತು. ಮೊದಲ ಕಛೇರಿಗೆಂದು ಸ್ಯಾವಿಲ್ ರಚಿಸಿದ ಭಿತ್ತಿಪತ್ರ ಕೈಸೇರಿದ್ದು ಕಛೇರಿಗೆ ತಡವಾಗಿ. ಅದು ಉಪಯೋಗಕ್ಕೆ ಬರಲಿಲ್ಲ. ಆದರೇನು, ಬಹಳ ಚೆಂದವಿತ್ತು. ಅದಕ್ಕೆ 'ಫ್ಯಾಕ್ 1' ಎಂದು ಕ್ರಮಸಂಖ್ಯೆ ಕೊಟ್ಟು ದಾಖಲೆಗೆ ಸೇರಿಸಿದರು. ಮುಂದೆ ಫ್ಯಾಕ್ಟರಿಯಲ್ಲಿ ತಟ್ಟೆಗಳಿಗೆ ಮಾತ್ರವಲ್ಲ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಸಂಖ್ಯೆ. ಅವರ ನೃತ್ಯಶಾಲೆ 51. ಹ್ಯಾನೆಟ್ ಜಗಳವಾಡಿ ಇವರ ಮೇಲೆಯೇ ಹೂಡಿದ ಮೊಕದ್ದಮೆ 61. ನೃತ್ಯಶಾಲೆಯ ಬೆಕ್ಕು 191. ವಿಲ್ಸನ್ 2007ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವನ ಶವಪೆಟ್ಟಿಗೆಗೆ 501 ಎಂಬ ಸಂಖ್ಯೆ ಸಿಕ್ಕಿತು.

ಜಾಯ್ ಡಿವಿಜನ್ ತಂಡದ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್' 1979ರ ಜೂನ್‌ನಲ್ಲಿ ಬಂತು. ಮೊದಲಿಗೆ ಒತ್ತಿಸಿದ್ದು 10,000 ಪ್ರತಿ. ಮುಖಪುಟದ ಮೇಲೆ ತಂಡದ ಹೆಸರಿಲ್ಲ, ಆಲ್ಬಮಿನ ಹೆಸರಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಲೆಗೆರೆಗಳು ಮಾತ್ರ. ಇಂದು ಪ್ರಪಂಚದಾದ್ಯಂತ, ಬೆಂಗಳೂರಿನ ಬ್ರಿಗೇಡ್ ರಸ್ತೆಯಂಥ ಕಡೆಗಳಲ್ಲೂ, ಟೀ ಷರಟುಗಳ ಮೇಲೆ ಕಾಣುವ ಆ ಚಿತ್ರ ಬೆಟ್ಟಸಾಲಿನದಲ್ಲ. ಅದು ಪಲ್ಸಾರ್ ಎಂಬ ಬಗೆಯ ತಾರೆಯಿಂದ ಬಂದ ರೇಡಿಯೋ ಮಿಡಿತಗಳ ನಕ್ಷೆ. ಜೋಸಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ 1967ರಲ್ಲಿ ಗುರುತಿಸಿದ ಮೊಟ್ಟಮೊದಲ ಪಲ್ಸಾರ್ ಅದು. ಖಗೋಳ ವಿಜ್ಞಾನದ ವಿಶ್ವಕೋಶದಿಂದ ಆ ನಕ್ಷೆಯನ್ನು ತಂಡದವರು ಆರಿಸಿ ಕೊಟ್ಟರು, ಸ್ಯಾವಿಲ್ ವಿನ್ಯಾಸ ಮಾಡಿದ. ತನ್ನ ಎದೆಯ ಮೇಲೆ ಸತ್ತ ನಕ್ಷತ್ರವೊಂದರ ನಾಡಿ ಇದೆ ಎಂಬುದು ಅಂಗಿ ತೊಟ್ಟವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ತಂಡದ ಗಾಯಕ ಇಯನ್ ಕರ್ಟಿಸ್‌ನಿಗೆ ಮೂರ್ಛೆರೋಗವಿತ್ತು. ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನಾದಿನ, 1980ರ ಮೇ 18ರಂದು, ಅವನು ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 23. ಉಳಿದವರು 'ನ್ಯೂ ಆರ್ಡರ್' ಎಂಬ ಹೆಸರಿನಲ್ಲಿ ಮುಂದುವರಿದರು.

ಈ ತಂಡದವರ 'ಬ್ಲೂ ಮಂಡೇ' ಹಾಡು 1983ರ ಮಾರ್ಚಿನಲ್ಲಿ ಹನ್ನೆರಡು ಅಂಗುಲದ ತಟ್ಟೆಯಾಗಿ ಬಂದು, ಆ ಅಳತೆಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಬಿಡಿ ಹಾಡು ಎನಿಸಿತು. ಹೊದಿಕೆಯನ್ನು ಸ್ಯಾವಿಲ್ ಅಂದಿನ ಕಂಪ್ಯೂಟರ್ ಫ್ಲಾಪಿಯ ಮಾದರಿಯಲ್ಲಿ ಮಾಡಿದ್ದ. ಅಲ್ಲಲ್ಲಿ ರಂಧ್ರ ಕೊರೆದು, ಬೆಳ್ಳಿಬಣ್ಣದ ಒಳಹೊದಿಕೆ ಕಾಣುವಂತೆ ಇಟ್ಟು, ಅಂಚಿನಲ್ಲಿ ಬಣ್ಣದ ಚೌಕಗಳ ಗುಪ್ತಲಿಪಿ. ಕೊರೆಸುವ ಖರ್ಚು ಎಷ್ಟಾಯಿತೆಂದರೆ ಮಾರಾಟವಾದ ಪ್ರತಿ ತಟ್ಟೆಗೂ ಫ್ಯಾಕ್ಟರಿ ಕೈಯಿಂದ ಕಳೆದುಕೊಂಡಿತು ಎಂಬ ಕಥೆಯಿದೆ. ಎಷ್ಟು ಪೆನ್ಸ್ ಎಂಬುದು ಹೇಳುವವರ ಬಾಯಿಂದ ಬಾಯಿಗೆ ಬದಲಾಗುತ್ತದೆ. ಆದರೆ ಫ್ಯಾಕ್ಟರಿಯ ಬಗ್ಗೆ ಯಾರು ಹೇಳಿದರೂ ನಂಬುವಂತಿತ್ತು ಎಂಬುದೇ ಆ ಕಥೆಯ ಸ್ವಾರಸ್ಯ.

ಹಣ ನಿಜವಾಗಿ ಸೋರಿದ್ದು ಬೇರೆಡೆ. 1982ರ ಮೇ 21ರಂದು ವಿಟ್‌ವರ್ಥ್ ಬೀದಿಯಲ್ಲಿ ತೆರೆದ 'ಹಸಿಯೆಂಡಾ' ನೃತ್ಯಶಾಲೆಗೆ ನ್ಯೂ ಆರ್ಡರ್ ತಂಡದ ಗಳಿಕೆ ಹರಿದುಹೋಯಿತು. ಎಂಬತ್ತರ ದಶಕದ ಕೊನೆಗೆ ಅದು ಯೂರೋಪಿನಲ್ಲೇ ಪ್ರಸಿದ್ಧವಾಗಿತ್ತು. ಬಾಗಿಲಲ್ಲಿ ಉದ್ದನೆಯ ಸಾಲು. ಆದರೆ ಒಳಗಿದ್ದವರು ಮದ್ಯ ಕೊಳ್ಳುತ್ತಿರಲಿಲ್ಲ, ಅವರ ಅಮಲು ಬೇರೆಯಾಗಿತ್ತು. ಮಾದಕ ಗುಳಿಗೆಯ ವ್ಯಾಪಾರ ಗೂಂಡಾಗಳ ಕೈಯಲ್ಲಿ, ನೀರಿನ ಮಾರಾಟದಿಂದ ನೃತ್ಯಶಾಲೆ ಬದುಕುವುದುಂಟೆ? ತಾಯಿಯಿಂದ 35 ಪೌಂಡು ಸಾಲ ಪಡೆದಿದ್ದ ಪೀಟರ್ ಹುಕ್, ತನ್ನ ಗಳಿಕೆಯನ್ನು ಈ ಕಟ್ಟಡ ನುಂಗಿದ ಬಗೆಯ ಬಗ್ಗೆ 2009ರಲ್ಲಿ ಒಂದು ಪುಸ್ತಕವನ್ನೇ ಬರೆದ. ನೃತ್ಯಶಾಲೆಯೊಂದನ್ನು ಹೇಗೆ ನಡೆಸಬಾರದು ಎಂಬುದೇ ಅದರ ಶೀರ್ಷಿಕೆಯ ತಾತ್ಪರ್ಯ. 1997ರಲ್ಲಿ ಹಸಿಯೆಂಡಾ ಮುಚ್ಚಿತು. ಆ ಜಾಗದಲ್ಲಿ ಅದೇ ಹೆಸರಿನ ವಸತಿ ಸಮುಚ್ಚಯ ಎದ್ದಿತು.

1992ರಲ್ಲಿ ಫ್ಯಾಕ್ಟರಿ ಮುಳುಗುವ ಹಂತಕ್ಕೆ ಬಂತು. 'ಹ್ಯಾಪಿ ಮಂಡೇಸ್' ತಂಡವನ್ನು ಆಲ್ಬಮ್ ಮುದ್ರಿಸಲು ಬಾರ್ಬಡೋಸ್ ದ್ವೀಪಕ್ಕೆ ಕಳಿಸಿದ್ದು ದುಬಾರಿಯಾಗಿ ಪರಿಣಮಿಸಿತ್ತು. ಪಾಲಿಗ್ರಾಂ ಸಮೂಹದ 'ಲಂಡನ್ ರೆಕಾರ್ಡ್ಸ್' ಕಂಪನಿ ಫ್ಯಾಕ್ಟರಿಯನ್ನು ಕೊಳ್ಳಲು ಮುಂದೆ ಬಂತು. ಕೊಳ್ಳುವವರಿಗೆ ಬೇಕಾಗಿದ್ದದ್ದು ಕುರ್ಚಿ ಮೇಜುಗಳಲ್ಲ, ಜಾಯ್ ಡಿವಿಜನ್ ಮತ್ತು ನ್ಯೂ ಆರ್ಡರ್ ತಂಡಗಳ ಮುದ್ರಿಕೆಗಳ ಹಕ್ಕು. ಕಾಗದಪತ್ರ ತೆಗೆದು ನೋಡಿದಾಗ ಹೊರಬಿದ್ದದ್ದು ಒಂದು ಒಕ್ಕಣೆ: ಎಲ್ಲವೂ ಸಂಗೀತಗಾರರಿಗೆ ಸೇರಿದ್ದು, ಕಂಪನಿಗೆ ಏನೂ ಸೇರಿದ್ದಲ್ಲ, ತಂಡಗಳು ಯಾವಾಗ ಬೇಕಾದರೂ ಎದ್ದು ಹೋಗಬಹುದು. ವಿಲ್ಸನ್ ಅದನ್ನು ತನ್ನ ರಕ್ತದಲ್ಲೇ ಬರೆದಿದ್ದ ಎಂಬ ಪ್ರತೀತಿಯೂ ಉಂಟು. ಕೊಳ್ಳಲು ಬಂದವರು ಫ್ಯಾಕ್ಟರಿಯನ್ನು ಕೈಬಿಟ್ಟು ನೇರವಾಗಿ ನ್ಯೂ ಆರ್ಡರ್ ತಂಡದೊಂದಿಗೇ ಒಪ್ಪಂದ ಮಾಡಿಕೊಂಡರು. ನವೆಂಬರಿನಲ್ಲಿ ಫ್ಯಾಕ್ಟರಿ ದಿವಾಳಿಯೆದ್ದಿತು.

ಇದನ್ನು ವ್ಯವಹಾರಜ್ಞಾನವಿಲ್ಲದವರ ಮೂರ್ಖತನ ಎನ್ನುವವರಿದ್ದಾರೆ. ಕಂಪನಿಯ ಲೆಕ್ಕದಿಂದ ನೋಡಿದರೆ ಅದು ಸರಿ. ಆದರೆ ಹಾಡಿದವರ ಕಡೆಯಿಂದ ನೋಡಿದರೆ, ಹೂಡಿದ ಹಣವೆಲ್ಲ ಹೋದ ಮೇಲೂ ಅವರ ಹಾಡು ಅವರ ಬಳಿಯೇ ಉಳಿದದ್ದು ಆ ಒಂದು ಹಾಳೆಯಿಂದ. ಇದಕ್ಕೆ ಹೋಲಿಸಿದರೆ ರಫ್ ಟ್ರೇಡ್ ಕಥೆ ಹೆಚ್ಚು ಸಪ್ಪೆ. 1983ರಲ್ಲಿ ಅದು ಸೇರಿಸಿಕೊಂಡ 'ದ ಸ್ಮಿತ್ಸ್' ತಂಡ ಎರಡೇ ವರ್ಷಗಳಲ್ಲಿ ರಾಷ್ಟ್ರೀಯ ಪಟ್ಟಿಯ ಮೊದಲ ಸ್ಥಾನ ಮುಟ್ಟಿತು. ಆಮೇಲೆ ಇಎಂಐ ಜೊತೆ ಸಹಿ ಹಾಕಿ, ಅಲ್ಲಿಗಾಗಿ ಒಂದು ಹಾಡನ್ನೂ ಮಾಡದೆ 1987ರಲ್ಲಿ ಒಡೆದುಹೋಯಿತು. 1991ರಲ್ಲಿ ರಫ್ ಟ್ರೇಡಿನ ಸರಬರಾಜು ವಿಭಾಗ ಕುಸಿದಾಗ, ಅದನ್ನೇ ನಂಬಿದ್ದ ಹಲವಾರು ಸಣ್ಣ ಕಂಪನಿಗಳ ಬಾಕಿ ಹಣವೂ ಮುಳುಗಿತು. ಸ್ಮಿತ್ಸ್ ತಂಡದ ಮುದ್ರಿಕೆಗಳು ವಾರ್ನರ್ ಸಮೂಹದ ಪಾಲಾದವು. 2000ದ ಹೊತ್ತಿಗೆ ಕಂಪನಿ ಮತ್ತೆ ತಲೆಯೆತ್ತಿತು ಎಂಬುದು ಬೇರೆ ಮಾತು.

ಅಟ್ಲಾಂಟಿಕ್ ಆಚೆ ಇದೇ ಬೆಳೆಗೆ ಬೇರೆ ಹೆಸರು. ಅಮೆರಿಕದಲ್ಲಿ ಇಂಥ ಹಾಡುಗಳನ್ನು ಪ್ರಸಾರ ಮಾಡುತ್ತಿದ್ದದ್ದು ಕಾಲೇಜುಗಳ ಆವರಣದಲ್ಲಿ ವಿದ್ಯಾರ್ಥಿಗಳೇ ನಡೆಸುವ ಬಾನುಲಿ ಕೇಂದ್ರಗಳು. ಅಲ್ಲಿ ಬಳಕೆಗೆ ಬಂದ ಮಾತು 'ಆಲ್ಟರ್ನೇಟಿವ್', ಅಂದರೆ ಪರ್ಯಾಯ. ವಾಷಿಂಗ್ಟನ್ನಿನ 'ಡಿಸ್ಕಾರ್ಡ್' ಕಂಪನಿ 1980ರಲ್ಲಿ ಶುರುವಾಗಿ, ತಟ್ಟೆಯ ಬೆಲೆಯನ್ನೂ ಕಛೇರಿಯ ಟಿಕೆಟ್ಟನ್ನೂ ಹಟ ಹಿಡಿದು ಅಗ್ಗವಾಗಿ ಇಟ್ಟಿತು. ಸಿಯಾಟಲ್ ನಗರದ 'ಸಬ್ ಪಾಪ್' ಕಂಪನಿಗಾಗಿ 'ನಿರ್ವಾಣ' ತಂಡ ಮಾಡಿದ ಮೊದಲ ಆಲ್ಬಮ್ 'ಬ್ಲೀಚ್' 1989ರಲ್ಲಿ ಬಂತು. ಅದರ ಮುದ್ರಣ ವೆಚ್ಚ 606 ಡಾಲರು 17 ಸೆಂಟು. ಎರಡು ವರ್ಷಗಳ ನಂತರ ಅದೇ ತಂಡ ದೊಡ್ಡ ಕಂಪನಿಯೊಂದಕ್ಕೆ ಮಾಡಿದ 'ನೆವರ್‌ಮೈಂಡ್' 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್ನನ 'ಡೇಂಜರಸ್' ಆಲ್ಬಮನ್ನು ಕೆಳಗಿಳಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಪರ್ಯಾಯ ಎನ್ನಿಸಿಕೊಂಡದ್ದೇ ಮುಖ್ಯಧಾರೆಯಾದ ಮೇಲೆ ಆ ಹೆಸರಿಗೆ ಅರ್ಥವೇನು ಉಳಿಯಿತು? ದೊಡ್ಡ ಕಂಪನಿಗಳ ಪ್ರತಿನಿಧಿಗಳು ಚೆಕ್ ಪುಸ್ತಕ ಹಿಡಿದು ಸಿಯಾಟಲ್ ಬೀದಿಗಳಲ್ಲಿ ಅಲೆದರು. ಧ್ವನಿಮುದ್ರಣಕಾರ ಸ್ಟೀವ್ ಆಲ್ಬಿನಿ 1993ರಲ್ಲಿ 'ಬ್ಯಾಫ್ಲರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ದೊಡ್ಡ ಕಂಪನಿ ಕೊಡುವ ಲಕ್ಷಾಂತರ ಡಾಲರು ಮುಂಗಡ ಎಲ್ಲೆಲ್ಲಿ ಸೋರಿಹೋಗಿ ಕೊನೆಗೆ ಹಾಡಿದವನ ಕೈಯಲ್ಲಿ ಎಷ್ಟು ಕಡಿಮೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಹೊದಿಕೆಯ ಮೇಲಿನ ಹಳೆಯ ಜಮಾಖರ್ಚಿನ ಪಟ್ಟಿಯ ಕ್ರೂರ ರೂಪ ಅದು.

ಬ್ರಿಟನ್ನಿನಲ್ಲೂ ಅಷ್ಟೆ. 'ಕ್ರಿಯೇಷನ್' ಎಂಬ ಸಣ್ಣ ಕಂಪನಿ ನಡೆಸುತ್ತಿದ್ದ ಅಲನ್ ಮೆಗೀ ಸಾಲ ತಾಳಲಾರದೆ 1992ರಲ್ಲಿ ನೂರಕ್ಕೆ 49 ಪಾಲನ್ನು ಸೋನಿಗೆ ಮಾರಿದ. ಮರುವರ್ಷ ಗ್ಲಾಸ್ಗೋದ ಒಂದು ಸಣ್ಣ ಸಭಾಂಗಣದಲ್ಲಿ ಅವನ ಕಣ್ಣಿಗೆ ಬಿದ್ದ ತಂಡ 'ಒಯಸಿಸ್'. 1996ರ ಆಗಸ್ಟಿನಲ್ಲಿ ನೆಬ್‌ವರ್ಥ್ ಬಯಲಿನಲ್ಲಿ ಎರಡು ರಾತ್ರಿ ಅವರ ಕಛೇರಿಗೆ ಸೇರಿದವರು ಎರಡೂವರೆ ಲಕ್ಷ. ಆಗಲೂ ಪತ್ರಿಕೆಗಳು ಅವರನ್ನು ಇಂಡೀ ತಂಡವೆಂದೇ ಕರೆದವು. ಇನ್ನೊಂದೆಡೆ, ಅಡೆಲ್ ಹಾಡಿದ '21' ಎಂಬ ಆಲ್ಬಮ್ 2011ರಲ್ಲಿ ಬ್ರಿಟನ್ನಿನಲ್ಲಿ ಹೊರತಂದದ್ದು 'ಎಕ್ಸ್ಎಲ್' ಎಂಬ ಅಪ್ಪಟ ಸ್ವತಂತ್ರ ಕಂಪನಿ. ಆಕೆಯನ್ನು ಇಂಡೀ ಗಾಯಕಿ ಎಂದವರಿಲ್ಲ.

ಪತ್ರಿಕೆಗಳ ಗತಿಯೇನಾಯಿತು? 'ಸೌಂಡ್ಸ್' 1991ರಲ್ಲೇ ನಿಂತಿತು. 1926ರಲ್ಲಿ ಹುಟ್ಟಿದ್ದ 'ಮೆಲಡಿ ಮೇಕರ್' 2000ದಲ್ಲಿ ನಿಂತಿತು. 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' 2015ರಿಂದ ಪುಕ್ಕಟೆ ಹಂಚಿಕೆಯಾಗಿ, 2018ರ ಮಾರ್ಚಿನಲ್ಲಿ ಕಾಗದದ ಮುದ್ರಣ ನಿಲ್ಲಿಸಿತು. ಅವುಗಳ ಗದ್ದುಗೆಗೆ ಬಂದದ್ದು 1995ರಲ್ಲಿ ಅಮೆರಿಕದ ಮಿನಿಯಾಪೊಲಿಸಿನಲ್ಲಿ ರಯನ್ ಶ್ರೈಬರ್ ಎಂಬ ಹತ್ತೊಂಬತ್ತರ ಹುಡುಗ ಅಂತರಜಾಲದಲ್ಲಿ ಶುರುಮಾಡಿದ 'ಪಿಚ್‌ಫೋರ್ಕ್'. ಶಾಲೆಯ ಮೇಷ್ಟರಂತೆ ಪ್ರತಿ ಆಲ್ಬಮಿಗೂ ಹತ್ತಕ್ಕೆ ಇಷ್ಟು ಎಂದು, ಅದೂ ದಶಮಾಂಶ ಬಿಂದು ಹಾಕಿ ಅಂಕ ಕೊಡುವುದು ಅದರ ವೈಖರಿ. 2004ರಲ್ಲಿ ಕೆನಡಾದ 'ಆರ್ಕೇಡ್ ಫೈರ್' ತಂಡದ ಮೊದಲ ಆಲ್ಬಮಿಗೆ 9.7 ಬಿತ್ತು, ಹೆಸರೇ ಕೇಳಿರದ ತಂಡ ಕೆಲವೇ ತಿಂಗಳಲ್ಲಿ ಮನೆಮಾತಾಯಿತು. ಅದೇ ವರ್ಷ ಟ್ರಾವಿಸ್ ಮಾರಿಸನ್ ಎಂಬ ಗಾಯಕನ ಆಲ್ಬಮಿಗೆ ಬಿದ್ದದ್ದು 0.0. ಅದಕ್ಕೂ ಮೊದಲು ಅವನನ್ನು ಮೆಚ್ಚುತ್ತಿದ್ದ ಸಭಿಕರೇ ಮೌನವಾದರು. ಸೊನ್ನೆಯ ಮುಂದೆ ಇನ್ನೊಂದು ಸೊನ್ನೆ ಬರೆಯುವ ಅವಶ್ಯಕತೆ ಏನಿತ್ತೋ. ದೊಡ್ಡ ಕಂಪನಿಗಳ ಕಚೇರಿಯಿಂದ ಕಸಿದ ಅಧಿಕಾರ ಹೀಗೆ ವಿಮರ್ಶಕರ ಮೇಜಿಗೆ ಬಂದು ಕುಳಿತಿತ್ತು. 2015ರಲ್ಲಿ ಕಾಂಡೆ ನಾಸ್ಟ್ ಎಂಬ ಪತ್ರಿಕಾ ಸಮೂಹ ಪಿಚ್‌ಫೋರ್ಕನ್ನು ಕೊಂಡಿತು. 2024ರ ಜನವರಿಯಲ್ಲಿ ಅದನ್ನು ಗಂಡಸರ ಉಡುಗೆ ತೊಡುಗೆಯ ಪತ್ರಿಕೆ 'ಜಿಕ್ಯೂ' ಜೊತೆ ಸೇರಿಸಿ, ಹಲವರನ್ನು ಕೆಲಸದಿಂದ ತೆಗೆಯಿತು.

ನಮ್ಮ ದೇಶದಲ್ಲಿ ಈ ಮಾತಿನ ಅರ್ಥವೇ ಬೇರೆ. ಇಲ್ಲಿ ಹಾಡಿನ ಯಜಮಾನ ರೆಕಾರ್ಡು ಕಂಪನಿಗಿಂತ ಹೆಚ್ಚಾಗಿ ಸಿನಿಮಾ. ಹೀಗಾಗಿ ಸಿನಿಮಾದಿಂದ ಸ್ವತಂತ್ರವಾದದ್ದೆಲ್ಲ ಇಂಡೀ. ರಘು ದೀಕ್ಷಿತ್ ಹಾಡುಗಳ ಮೊದಲ ಆಲ್ಬಮ್ 2008ರಲ್ಲಿ ಬಂದದ್ದು, ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಸ್ವಂತವಾಗಿ ಆರಂಭಿಸಿದ ಸಣ್ಣ ಕಂಪನಿಯಿಂದ. ಶಿಶುನಾಳ ಷರೀಫರ ತತ್ವಪದಗಳು ಗಿಟಾರಿನೊಂದಿಗೆ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮವನ್ನೂ ಗ್ಲಾಸ್ಟನ್‌ಬರಿ ಬಯಲನ್ನೂ ಮುಟ್ಟಿದ್ದು ಆ ದಾರಿಯಿಂದ. ಸಿನಿಮಾ ಬೇಡವೆಂದವರಿಗೆ ಸಿನಿಮಾದವರೇ ಹಣ ಹಾಕಿದ್ದು ಇಲ್ಲಿನ ವಿಶೇಷ.

ಇತ್ತೀಚಿನ ವರ್ಷಗಳಲ್ಲಿ ತಟ್ಟೆ ಒತ್ತಿಸುವ ಖರ್ಚೂ ಇಲ್ಲ, ವ್ಯಾನಿನ ಬಾಡಿಗೆಯೂ ಇಲ್ಲ. ಮಲಗುವ ಕೋಣೆಯಲ್ಲಿ ಮುದ್ರಿಸಿದ್ದನ್ನು ಅಂದೇ ಸಂಜೆ ಲೋಕಕ್ಕೆಲ್ಲ ಕೇಳಿಸಬಹುದು. ಆದರೆ ಕೇಳಿಸುವ ಓಣಿಯ ಬಾಗಿಲು ಮತ್ತೆ ಕೆಲವರ ಕೈಗೆ ಹೋಗಿದೆ. ಸ್ವೀಡನ್ನಿನಲ್ಲಿ 2006ರಲ್ಲಿ ಸ್ಥಾಪನೆಯಾದ ಸ್ಪಾಟಿಫೈ, ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಮುದ್ರಿಕೆಯ ಸಂಭಾವನೆ ಕೊಡುವುದಿಲ್ಲ ಎಂಬ ನಿಯಮವನ್ನು 2024ರಲ್ಲಿ ತಂದಿತು. ಅದಕ್ಕಿಂತ ಕಡಿಮೆ ಬಾರಿ ಕೇಳಿಸಿದ ಹಾಡಿನ ಪಾಲು ಉಳಿದವರಿಗೆ ಹಂಚಿಹೋಗುತ್ತದೆ. ಬಜ್‌ಕಾಕ್ಸ್ ಹುಡುಗರು ಮೊದಲು ಒತ್ತಿಸಿದ್ದೂ ಸರಿಯಾಗಿ 1,000. ಅದರಲ್ಲಿ ಮಾರಾಟವಾದ ಮೊದಲ ತಟ್ಟೆಯಿಂದಲೇ ಅವರಿಗೆ ಕಾಸು ಬಂದಿತ್ತು.

ಇದಕ್ಕೆ ಪರ್ಯಾಯವಾಗಿ ಹಲವರು ನೆಚ್ಚಿಕೊಂಡದ್ದು 2008ರಲ್ಲಿ ಆರಂಭವಾದ 'ಬ್ಯಾಂಡ್‌ಕ್ಯಾಂಪ್' ಎಂಬ ಅಂತರಜಾಲದ ಅಂಗಡಿಯನ್ನು. ಹಾಡುಗಾರ ತಾನೇ ಬೆಲೆ ಇಟ್ಟು ಮಾರುತ್ತಾನೆ, ಅಂಗಡಿ ಸಣ್ಣ ಪಾಲು ಇಟ್ಟುಕೊಳ್ಳುತ್ತದೆ. ರಫ್ ಟ್ರೇಡಿನ ಹಳೆಯ ಗಲ್ಲಾಪೆಟ್ಟಿಗೆಯ ನೆನಪು ತರುವ ಪದ್ಧತಿ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ ಕಛೇರಿಗಳೆಲ್ಲ ನಿಂತುಹೋದಾಗ, ಒಂದು ಶುಕ್ರವಾರದ ಮಟ್ಟಿಗೆ ಆ ಪಾಲನ್ನೂ ಬಿಟ್ಟುಕೊಟ್ಟಿತು. ಆಮೇಲೆ ಅದನ್ನು ಮತ್ತೆ ಮತ್ತೆ ನಡೆಸಿತು. 2022ರಲ್ಲಿ ವಿಡಿಯೋ ಆಟಗಳ ಕಂಪನಿ 'ಎಪಿಕ್ ಗೇಮ್ಸ್' ಈ ಅಂಗಡಿಯನ್ನು ಕೊಂಡುಕೊಂಡಿತು. ಮರುವರ್ಷವೇ ಅದನ್ನು 'ಸಾಂಗ್‌ಟ್ರೇಡರ್' ಎಂಬ ಇನ್ನೊಂದು ಕಂಪನಿಗೆ ದಾಟಿಸಿತು. ಹೊಸ ಒಡೆಯರು ಬಂದೊಡನೆ ನೌಕರರಲ್ಲಿ ಅರ್ಧದಷ್ಟು ಮಂದಿ ಕೆಲಸ ಕಳೆದುಕೊಂಡರು. ಅಂಗಡಿ ಬಾಗಿಲು ಮುಚ್ಚಲಿಲ್ಲ.